ನಳಿಗೆಯೊಳಗೆ ನೋಡದೆ ಬಂದೂಕು ತಗೋಬೇಡಿ

ಬಳ್ಳಾರಿಯ ಒಂದು ಬಂದೂಕು ಅಂಗಡಿಯಲ್ಲಿ ನಾನು ರಿಪೇರಿ ಕೆಲಸ ಮಾಡುತ್ತೇನೆ. ಹದಿನೆಂಟು ವರ್ಷ ಆಯ್ತು. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಎರಡು ಥರದವರು. ಮಿಲಿಟರಿಯಿಂದ ರಿಟೈರ್ ಆಗಿ ಬ್ಯಾಂಕಿಗೋ ಗಣಿಗೋ ಗನ್‌ಮ್ಯಾನ್ ಆಗಿ ಸೇರುವವರು ಒಂದು ಕಡೆ, ಹೊಲ ಕಾಯೋಕೆ ಲೈಸೆನ್ಸ್ ಇಟ್ಟುಕೊಂಡಿರುವ ರೈತರು ಇನ್ನೊಂದು ಕಡೆ. ಇಬ್ಬರೂ ಕೇಳುವುದು 12 ಬೋರ್ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ) ಬಂದೂಕನ್ನೇ. ಒಂಟಿ ನಳಿಗೆಯದು ಇಲ್ಲಾ ಜೋಡು ನಳಿಗೆಯದು. ಹೊಸದಕ್ಕೆ ದುಡ್ಡು ಸಾಲದವರು ಹಳೆಯದನ್ನು ಹುಡುಕುತ್ತಾರೆ.

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷದ ಮಾತು. ಗಂಗಾವತಿ ಕಡೆಯ ಗೌಡರೊಬ್ಬರು ಹಳೆ ಜೋಡು ನಳಿಗೆ ಬಂದೂಕು ಗೊತ್ತು ಮಾಡಿಕೊಂಡಿದ್ದರು. ನಾನೇ ಬಿಚ್ಚಿ, ತೊಳೆದು, ಸ್ಪ್ರಿಂಗ್ ನೋಡಿ, ಎಲ್ಲಾ ಸರಿ ಇದೆ ಅಂತ ಹೇಳಿದ್ದೆ. ಕಾಗದ ಪತ್ರ ಮುಗಿಯೋಕೆ ಒಂದು ತಿಂಗಳ ಮೇಲೆ ಹಿಡಿಯಿತು. ಅಷ್ಟು ದಿನ ಅದು ನಮ್ಮ ಅಂಗಡಿಯ ಸ್ಟ್ಯಾಂಡಿನಲ್ಲೇ ನಿಂತಿತ್ತು. ಒಯ್ಯುವ ದಿನ ಅಂಗಡಿಯಲ್ಲಿ ಗದ್ದಲ. ಮೇಲಿನ ಧೂಳು ಒರೆಸಿ, ಎಣ್ಣೆ ಬಟ್ಟೆ ಆಡಿಸಿ, ಸುಮ್ನೆ ಎತ್ತಿ ಅವರ ಕೈಗೆ ಕೊಟ್ಟೆ.

ಗೌಡರ ಜೊತೆ ಅವರ ದೊಡ್ಡಪ್ಪ ಬಂದಿದ್ದರು. ವಯಸ್ಸಾದವರು. ಅವರು ಬಂದೂಕನ್ನು ಮಡಚಿ ತೆರೆದು, ಖಾಲಿ ಇದೆ ಅಂತ ನೋಡಿ, ನಳಿಗೆ ಕಳಚಿ ಬಾಗಿಲ ಕಡೆ ಹಿಡಿದರು. ಆಮೇಲೆ ಮೆತ್ತಗೆ ಕೇಳಿದರು, "ತಮ್ಮಾ, ಎಡಗಡೀದ್ರಾಗ ಬೆಳಕು ಬರವಲ್ದಲ್ಲ?"

ನಾನು ಮರದ ಕೋಲು ಹಾಕಿ ನೂಕಿದೆ. ಒಣ ಮಣ್ಣು ಪುಡಿಪುಡಿಯಾಗಿ ಉದುರಿತು. ಆಮೇಲೆ ಹೆಬ್ಬೆರಳು ಗಾತ್ರದ ಒಂದು ಗಟ್ಟಿ ಮಣ್ಣಿನ ತುಂಡು ಬಿತ್ತು. ಒಡೆದರೆ ಒಳಗೆ ಕಾಲು ಮಡಚಿಕೊಂಡ ಪುಟ್ಟ ಜೇಡಗಳು, ಒಂದರ ಮೇಲೊಂದು ತುರುಕಿದ ಹಾಗೆ. ಅವುಗಳ ನಡುವೆ ಒಂದು ಬಿಳಿ ಹುಳ. ಕುಂಬಾರ ಹುಳದ ಗೂಡು ಅದು. 12 ಬೋರಿನ ನಳಿಗೆ ಒಳಗೆ ಸುಮಾರು ಹದಿನೆಂಟೂವರೆ ಮಿಲಿಮೀಟರ್ ಅಗಲ. ಗೂಡು ಕಟ್ಟೋಕೆ ಆ ಹುಳಕ್ಕೆ ಅಂಥ ಕೊಳವೆ ಸಿಕ್ಕರೆ ಸಾಕು.

ಆ ನಳಿಗೆಯಲ್ಲಿ ಈಡು ಹಾರಿಸಿದ್ದರೆ? ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ನಳಿಗೆಯಿಂದ ಹೊರಡುವುದು ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ. ದಾರಿಯಲ್ಲಿ ಮಣ್ಣು ಅಡ್ಡ ಸಿಕ್ಕರೆ ಹಿಂದಿನ ಗ್ಯಾಸಿಗೆ ಹೋಗಲು ಜಾಗ ಇರಲ್ಲ. ನಳಿಗೆ ಅಲ್ಲೇ ಉಬ್ಬುತ್ತದೆ, ಇಲ್ಲಾ ಸೀಳುತ್ತದೆ. ಮುಂದಿನ ಕೈ ಹಿಡಿದಿರುವುದು ನಳಿಗೆಯನ್ನೇ ಅಲ್ವಾ? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಉಸ್ತಾದ್ ಬೈಯಲಿಲ್ಲ. ನಳಿಗೆ ನನ್ನ ಕೈಗೆ ಕೊಟ್ಟು ಇಷ್ಟೇ ಅಂದರು: "ಮೊದ್ಲು ನೀ ನೋಡು, ಆಮ್ಯಾಲೆ ಗೌಡ್ರು ನೋಡ್ಲಿ, ಆಮ್ಯಾಲೆ ಬಿಲ್ ಹರಿ." ಅವತ್ತಿನಿಂದ ನಾನು ಹಾಗೇ ಮಾಡುತ್ತಿದ್ದೇನೆ. ಒಂದು ಗಂಟೆ ಮುಂಚೆ ನೋಡಿದ್ದರೂ ಕೊಡುವಾಗ ಮತ್ತೆ ನೋಡುತ್ತೇನೆ.

ಹಳೆಯದನ್ನು ತಗೊಳ್ಳುವವರು ನಳಿಗೆ ಕಳಚಿ ಬಿಳಿ ಗೋಡೆಗೋ ಬೆಳಕಿರುವ ಬಾಗಿಲಿಗೋ ಹಿಡಿಯಿರಿ. ಒಳಗೆ ಬೆಳಕು ಬಳೆ ಬಳೆಯಾಗಿ ಕಾಣುತ್ತದೆ. ಬಳೆ ಒಂದು ಕಡೆ ಸೊಟ್ಟಗಾಗಿದ್ದರೆ ಅಲ್ಲಿ ತಗ್ಗು ಬಿದ್ದಿದೆ. ಕಪ್ಪು ಚುಕ್ಕಿಗಳಿದ್ದರೆ ತುಕ್ಕು ತಿಂದಿದೆ. ಹೊರಗಡೆ ಉದ್ದಕ್ಕೂ ಬೆರಳಾಡಿಸಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಜೋಡು ನಳಿಗೆಯಾದರೆ ಹಿಂದಿನ ಕೊಕ್ಕೆಗೆ ಬೆರಳು ಹಾಕಿ ತೂಗಿಬಿಟ್ಟು, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಸಂತೆಯಲ್ಲಿ ಗಡಿಗೆ ತಟ್ಟಿ ನೋಡ್ತೀವಲ್ಲ, ಹಾಗೆ. ಗಂಟೆಯ ಹಾಗೆ ಗುಂಯ್ ಅಂದರೆ ಸರಿ. ಒಡಕು ಸದ್ದು ಬಂದರೆ ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿರಬಹುದು.

ನಳಿಗೆ ಹಿಂದಿನ ಭಾಗಕ್ಕೆ ಸೇರುವ ಕಡೆ ಬಿಗಿ ಇದೆಯಾ ನೋಡೋಕೆ, ನಳಿಗೆಯ ಕೆಳಗಿರುವ ಮುಂದಿನ ಕಟ್ಟಿಗೆ ತೆಗೆದು ಅಲ್ಲಾಡಿಸಬೇಕು. ಅದು ಇದ್ದರೆ ಅದರ ಸ್ಪ್ರಿಂಗ್ ಎಲ್ಲವನ್ನೂ ಬಿಗಿಹಿಡಿದು ಸವೆತವನ್ನು ಮುಚ್ಚಿಬಿಡುತ್ತದೆ. ಮಾರುವವರು ಅದನ್ನು ತೆಗೆಯಲು ಬಿಡದಿದ್ದರೆ ಆ ಬಂದೂಕು ಬೇಡ. ಕುದುರೆ (ಟ್ರಿಗರ್), ಸೇಫ್ಟಿ ಪರೀಕ್ಷೆಗೆ ಮದ್ದಿಲ್ಲದ ಡಮ್ಮಿ ತೋಟಾ ಕೇಳಿ. ಸೇಫ್ಟಿ ಹಾಕಿ ಕುದುರೆ ಎಳೆದರೆ ತೋಟಾಕ್ಕೆ ಬಡಿಯುವ ಸುತ್ತಿಗೆ ಬೀಳಬಾರದು. ಒಂದು ಕುದುರೆ ಎಳೆದಾಗ ಇನ್ನೊಂದು ನಳಿಗೆಯ ಸುತ್ತಿಗೆ ಬೀಳಬಾರದು.

ಫಳಫಳ ಹೊಸ ಕಪ್ಪು ಬಣ್ಣ ಹಚ್ಚಿದ ಹಳೆ ಬಂದೂಕಿನ ಮೇಲೆ ನನಗೆ ಯಾವತ್ತೂ ಅನುಮಾನ. ನಳಿಗೆಯ ಮೇಲಿನ ಅಕ್ಷರಗಳ ಅಂಚು ಅಳಿಸಿದ್ದರೆ, ತುಕ್ಕು ಮುಚ್ಚೋಕೆ ಯಾರೋ ಉಜ್ಜಿದ್ದಾರೆ ಅಂತ ಅರ್ಥ. ಉಜ್ಜಿದಷ್ಟೂ ಗೋಡೆ ತೆಳ್ಳಗಾಗುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿದ್ದವು. ಎರಡೂ ಕಡೆಯ ಹಳೆ ಮನೆತನಗಳಿಂದ ಇಂಗ್ಲೆಂಡಿನ ಬಂದೂಕುಗಳು ಈಗಲೂ ನಮ್ಮ ಮೇಜಿಗೆ ಬರುತ್ತವೆ. ಅವುಗಳಲ್ಲಿ ತುಂಬಾ ಬಂದೂಕುಗಳ ತೋಟಾ ಮನೆ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, 65 ಮಿಲಿಮೀಟರ್ ಉದ್ದದ್ದು. ಈಗಿನ ತೋಟಾ ಸಾಮಾನ್ಯವಾಗಿ 70 ಮಿಲಿಮೀಟರ್. ಪೆಟ್ಟಿಗೆ ಮೇಲೆ ಬರೆದಿರುವ ಆ ಉದ್ದ, ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹಾರಿಸುವ ಮುಂಚೆ ಬಾಯಿ ಮಡಚಿರುವುದರಿಂದ ಗಿಡ್ಡ ಇರುತ್ತದೆ, ಹಳೆ ಬಂದೂಕಿನಲ್ಲೂ ಸಲೀಸಾಗಿ ಕೂರುತ್ತದೆ. ಕೂತಿತಲ್ಲ ಅಂತ ನಂಬಬೇಡಿ. ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಇಲ್ಲದೆ ನಳಿಗೆಯ ಕಿರಿದಾದ ಕಡೆ ನುಗ್ಗುತ್ತದೆ. ಒತ್ತಡ ಏರುತ್ತದೆ. ಇದನ್ನು ಗೇಜ್ ಹಾಕಿ ಅಳೆಯಬೇಕು, ಅಂದಾಜಿನಲ್ಲಿ ಹೇಳೋ ಮಾತಲ್ಲ. ನಳಿಗೆಯ ಮೇಲೆ ಅಲೆ ಅಲೆಯಾಗಿ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ, ಕಪ್ಪು ಮದ್ದಿನ ಕಾಲದ್ದು. ಅದಕ್ಕೆ ಈಗಿನ ತೋಟಾ ಹಾಕಬೇಡಿ. ಗೋಡೆಗೆ ಚೆಂದ, ಅಷ್ಟೇ.

ಹೊಸ ಬಂದೂಕು ತಗೊಂಡವರದು ಬೇರೆ ತಪ್ಪು. ಹೊಸದು ಅಲ್ವಾ, ಏನಿದೆ ಮಾಡೋಕೆ ಅಂತ ಹಾಗೇ ಒಯ್ಯುತ್ತಾರೆ. ಕಾರ್ಖಾನೆಯಲ್ಲಿ ತುಕ್ಕು ಹಿಡಿಯದ ಹಾಗೆ ಒಳಗೂ ಹೊರಗೂ ದಪ್ಪ ಗ್ರೀಸ್ ಬಳಿದಿರುತ್ತಾರೆ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಕು. ಕೋಲಿಗೆ ಬಿಳಿ ಬಟ್ಟೆ ಸುತ್ತಿ ನಳಿಗೆಯಲ್ಲಿ ಎಳೆಯುತ್ತಾ ಹೋಗಿ, ಬಟ್ಟೆ ಬೆಳ್ಳಗೆ ಬರುವ ತನಕ. ಪೂರ್ತಿ ಒಣಗಿಸಿ. ಆಮೇಲೆ ಎಣ್ಣೆಯ ತೆಳು ಪದರ ಸಾಕು. ನಮ್ಮ ಊರಿನ ಕೆಂಪು ಧೂಳು ಗೊತ್ತಲ್ಲ, ಎಣ್ಣೆ ಜಾಸ್ತಿಯಾದರೆ ಧೂಳು ಕೂತು ಒಳಗೆಲ್ಲಾ ಮರಳು ಕಾಗದದ ಕೆಲಸ ಮಾಡುತ್ತದೆ. ಜಾಸ್ತಿ ಎಣ್ಣೆ ಹಿಂದಿನ ಮರಕ್ಕೂ ಇಳಿಯುತ್ತದೆ, ಮರ ಮೆತ್ತಗಾಗುತ್ತದೆ. ಎಣ್ಣೆ ಹಾಕಿದ ಮೇಲೆ ಸ್ವಲ್ಪ ದಿನ ಬಾಯಿ ಕೆಳಗೆ ಮಾಡಿ ಇಡಿ. ಬೇಸಿಗೆಯಲ್ಲಿ ಮರ ಒಣಗಿ ಸ್ಕ್ರೂ ಸಡಿಲಾಗುತ್ತವೆ, ಏಪ್ರಿಲ್‌ನಲ್ಲಿ ಒಮ್ಮೆ ನೋಡಿಸಿ. ಹಾರಿಸುವ ಮುಂಚೆ ನಳಿಗೆಯ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ತೆಗೆಯಿರಿ.

ಬಂದೂಕು ಸಿದ್ಧವಾದ ಮೇಲೆ ಅದು ಎಲ್ಲಿ ಹೊಡೆಯುತ್ತದೆ ಅಂತ ನೋಡಬೇಕು. ಅನುಮತಿ ಇರುವ ಫೈರಿಂಗ್ ರೇಂಜಿನಲ್ಲಿ ಮಾತ್ರ, ಹೊಲದಲ್ಲಲ್ಲ. 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು, ಚರೆ ದಟ್ಟವಾಗಿ ಬಿದ್ದ ಕಡೆ 30 ಇಂಚಿನ ವೃತ್ತ ಎಳೆಯುತ್ತಾರೆ. ಫುಲ್ ಚೋಕ್ ಇರುವ, ಅಂದರೆ ಬಾಯಿಯ ಹತ್ತಿರ ಚೆನ್ನಾಗಿ ಕಿರಿದಾಗಿರುವ ನಳಿಗೆಯಾದರೆ ನೂರರಲ್ಲಿ ಸುಮಾರು ಎಪ್ಪತ್ತು ಚರೆ ಅದರೊಳಗೆ ಬೀಳಬೇಕು. ಚೋಕ್ ಇಲ್ಲದ್ದಾದರೆ ಸುಮಾರು ನಲವತ್ತು. ಜೋಡು ನಳಿಗೆಯಲ್ಲಿ ಎಡ ಬಲ ಸಾಮಾನ್ಯವಾಗಿ ಬೇರೆ ಬೇರೆ, ಎರಡನ್ನೂ ಪ್ರತ್ಯೇಕ ನೋಡಿ. ಗನ್‌ಮ್ಯಾನ್ ಕೆಲಸಕ್ಕೆ ಸೇರುವವರಿಗೆ ನಾನು ಇದನ್ನು ಕೈಮುಗಿದು ಹೇಳುತ್ತೇನೆ. ನಿಮ್ಮ ಮುಂದೆ ಜನ ಇರುತ್ತಾರೆ. ಚರೆ ಎಷ್ಟು ಹರಡುತ್ತದೆ ಅಂತ ನಿಮಗೆ ಗೊತ್ತಿರಬೇಕು.

ಕಾಗದದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಹಳೆಯದನ್ನು ಒಬ್ಬರಿಂದ ನೇರವಾಗಿ ತಗೊಳ್ಳುವುದಾದರೆ, ಮಾರುವವರು ಡಿಸಿಯವರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಜಾಸ್ತಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಬಂದೂಕಿನ ಮೇಲಿನ ನಂಬರ್, ಲೈಸೆನ್ಸಿನಲ್ಲಿ ಬರೆದಿರುವ ಬಂದೂಕಿನ ನಂಬರ್ ಎರಡನ್ನೂ ನೀವೇ ಓದಿ ತಾಳೆ ನೋಡಿ. ಹೊಲ ಕಾಯೋ ಲೈಸೆನ್ಸ್ ಇದೆ ಅಂತ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡುಹಂದಿಗೆ ಗುಂಡು ಹೊಡೆಯುವಂತಿಲ್ಲ.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸುತ್ತೀರಲ್ಲ, ವಾಪಸ್ ಬಂದಾಗ ಸೀದಾ ಮನೆಗೆ ಒಯ್ಯಬೇಡಿ. 2024ರ ಮೇ 7ರಂದು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಲೋಕಸಭೆ ಮತದಾನ ಇತ್ತು. ಅದು ಮುಗಿದ ಮೇಲೆ ಬಿಡಿಸಿಕೊಂಡು ನಮ್ಮಲ್ಲಿಗೆ ತಂದ ಬಂದೂಕುಗಳಲ್ಲಿ ಎರಡರ ನಳಿಗೆಯಲ್ಲಿ ಅದೇ ಮಣ್ಣು ಸಿಕ್ಕಿತು. ಒಂದರ ವಾರಸುದಾರರು ಸಿರುಗುಪ್ಪದ ರೈತರು. ಕೋಲು ಹಾಕುವ ಮುಂಚೆ ಅವರನ್ನೇ ಕರೆದು ನಳಿಗೆಯಲ್ಲಿ ನೋಡಿಸಿದೆ. ನೋಡಿ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ ಕೋಲನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ನೂಕಿದರು.