ಎಡಗಿವಿಗೆ ಹೇಳಿದ ಮಾತು

ನಮ್ಮ ಹೈಸ್ಕೂಲಿನ ಆಟದ ಮಾಸ್ಟ್ರು, ನಾವೆಲ್ಲ ‘ಮಿಲಿಟ್ರಿ ಮಾಸ್ಟ್ರು’ ಅನ್ನುತ್ತಿದ್ದವರು, ತೀರಿಹೋದ ಸುದ್ದಿ ಬಂದದ್ದು ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಮಧ್ಯಾಹ್ನ. ಮಂಗಳೂರಿನಲ್ಲಿ ಜಡಿಮಳೆ. ಬ್ಯಾಂಕಿನಲ್ಲಿ ಮೀಟಿಂಗ್ ನಡೆಯುತ್ತಿತ್ತು. ನಮ್ಮ 1990ರ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಗೆಳೆಯನೊಬ್ಬ ಎರಡೇ ಸಾಲು ಹಾಕಿದ್ದ. ಓದಿದವನೇ ಎದ್ದು ಹೊರಗೆ ಬಂದೆ. ಡಿಸೆಂಬರ್‌ನಲ್ಲಿ ಹಳೆ ವಿದ್ಯಾರ್ಥಿಗಳ ಕೂಟ ಅಂತ ಆಗಲೇ ಗೊತ್ತುಮಾಡಿದ್ದೆವು. ಅವತ್ತು ಮಾಸ್ಟ್ರನ್ನು ವೇದಿಕೆಗೆ ಕರೆದು ಶಾಲು ಹೊದೆಸುವುದು, ಅವರ ಬಗ್ಗೆ ನಾನೇ ನಾಲ್ಕು ಮಾತಾಡುವುದು ಅಂತಲೂ ಆಗಿತ್ತು. ಅವರಿಗೆ 83 ವರ್ಷ. ನಾಲ್ಕೇ ತಿಂಗಳು ಬಾಕಿ ಇತ್ತು.

ಶಾಲಾ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ಹೈಸ್ಕೂಲಿನ ಪಾಠಗಳನ್ನೆಲ್ಲ ನೆನಪು ಮಾಡಿಕೊಳ್ಳಲು ನೋಡಿದೆ. ಒಂದೂ ಬರಲಿಲ್ಲ. ಬಂದದ್ದು ಮೈದಾನ. ಅದರ ನಡುವೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೊರಳಿಗೆ ವಿಶಲ್ ಕಟ್ಟಿಕೊಂಡು ನಿಂತ ಮಾಸ್ಟ್ರು. ಬೆನ್ನು ನೆಟ್ಟಗೆ. ಸಿಟ್ಟು ಬಂದರೂ ದನಿ ಏರುತ್ತಿರಲಿಲ್ಲ. ನಮ್ಮನ್ನು ‘ಮಗಾ’ ಅಂತ ಬಿಟ್ಟು ಬೇರೆ ಹೆಸರಲ್ಲಿ ಕರೆದದ್ದೇ ಇಲ್ಲ.

ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಅದು ಇಡೀ ಶಾಲೆಗೆ ಗೊತ್ತು. ಡ್ರಿಲ್ಲಿನಲ್ಲಿ ಮಾತಾಡಬೇಕು ಅಂದ್ರೆ ಅವರ ಎಡಗಡೆಯ ಸಾಲಿನಲ್ಲಿ ನಿಲ್ಲುವುದು ನಮ್ಮ ಉಪಾಯ. ನಾನು ಮೂರು ವರ್ಷವೂ ಎಡಗಡೆಯೇ ನಿಂತೆ.

ಮಳೆಗಾಲ ಮುಗಿದು ಮೈದಾನ ಒಣಗಿತು ಅನ್ನುವಾಗ ಒಂದು ಕೆಲಸ ಇರುತ್ತಿತ್ತು. ಇಡೀ ಕ್ಲಾಸನ್ನು ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರಿಸುತ್ತಿದ್ದರು. ಒಬ್ಬೊಬ್ಬರ ಕೈಗೆ ಒಂದು ಬಿದಿರಿನ ಕಡ್ಡಿ. ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಚುಚ್ಚುತ್ತಾ ಗೇಣು ಗೇಣು ಮುಂದೆ ಹೋಗಬೇಕು. ಗಾಜಿನ ಚೂರು, ಮುಳ್ಳು, ತುಕ್ಕು ಹಿಡಿದ ಮೊಳೆ, ಏನು ಸಿಕ್ಕರೂ ಹೆಕ್ಕಿ ಹಿಂದೆ ಇಟ್ಟ ಬಕೆಟ್ಟಿಗೆ ಹಾಕಬೇಕು. ಕಡ್ಡಿ ನೆಟ್ಟಗೆ ಹಿಡಿದರೆ ಹಿಂದಿನಿಂದ ಬಂದು ಕೈ ಹಿಡಿದು ಓರೆ ಮಾಡುತ್ತಿದ್ದರು. “ಓರೆ, ಮಗಾ, ಓರೆ. ಅವಸರ ಇಲ್ಲ.” ಹೆಕ್ಕಿ ಮುಗಿದ ಜಾಗಕ್ಕೆ ಎರಡೂ ಬದಿಯಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. “ಈ ಗೆರೆ ಒಳಗೆ ಯಾರು ಬೇಕಾದರೂ ಬರಿಗಾಲಲ್ಲಿ ಓಡಿ” ಅನ್ನುತ್ತಿದ್ದರು. ಆಗ ನಮ್ಮಲ್ಲಿ ಮುಕ್ಕಾಲು ಜನ ಬರಿಗಾಲಲ್ಲೇ ಓಡುವವರು. ಸೊಂಟ ನೋಯುತ್ತದೆ ಅಂತ ನಾವು ಗೊಣಗಿದ್ದು ಅಷ್ಟಿಷ್ಟಲ್ಲ.

ಆ ಕಡ್ಡಿ ಯಾಕೆ ಓರೆ ಅಂತ ಗೊತ್ತಾದದ್ದು 1988ರ ಮಳೆಗಾಲದಲ್ಲಿ. ಮಳೆ ಬಂದರೆ ಆಟದ ಪೀರಿಯಡ್ ಕ್ಲಾಸಿನ ಒಳಗೇ. ಅವತ್ತು ಮಾಸ್ಟ್ರು ಒಂದು ಪೇಪರ್ ತುಂಡು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರಿಗೆ ಮಹಾವೀರ ಚಕ್ರ ಬಂದ ಸುದ್ದಿ ಅದು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ವಿಮಾನಗಳು ದಾಳಿಗೆ ಹೋದವು. ದೇವಯ್ಯ ಅದರಲ್ಲಿ ಕಾಯ್ದಿರಿಸಿದ ಪೈಲಟ್. ಒಬ್ಬರು ಹೋಗಲು ಆಗದ್ದಕ್ಕೆ ಇವರು ಸೇರಿಕೊಂಡರು. ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದು ಬೆನ್ನು ಹತ್ತಿತು. ಇವರದ್ದು ಹಳೇ ಮಿಸ್ಟೇರ್ ವಿಮಾನ, ಅದರ ವೇಗಕ್ಕೆ ಏನೂ ಅಲ್ಲ. ಏಟು ಬಿದ್ದ ಮೇಲೂ ದೇವಯ್ಯ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನು ಹೊಡೆದು ಬೀಳಿಸಿದರು. ಅದರ ಪೈಲಟ್ ಹಾರಿ ಬದುಕಿದ. ದೇವಯ್ಯ ವಾಪಸ್ ಬರಲಿಲ್ಲ. ಅವರ ಜೊತೆ ಹೋದವರು ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಹೆಂಡತಿಗೆ, ಮನೆಯವರಿಗೆ ತಿಳಿದದ್ದು, ನಾಪತ್ತೆ ಅನ್ನುವುದಷ್ಟೇ. ವರ್ಷಗಳ ಮೇಲೆ ಒಬ್ಬ ಇಂಗ್ಲಿಷ್ ಲೇಖಕ ಆ ಯುದ್ಧದ ಬಗ್ಗೆ ಪುಸ್ತಕ ಬರೆದ. ಪಾಕಿಸ್ತಾನದ ಕಡೆಯ ಮಾಹಿತಿ ಅದರಲ್ಲಿ ಇತ್ತು. ಆಗ ಗೊತ್ತಾಯಿತು.

ಮಾಸ್ಟ್ರು ಪೇಪರ್ ಮಡಚಿದರು. “23 ವರ್ಷ ಮಗಾ. ಆ ಹೆಂಗಸು 23 ವರ್ಷ ಕಾದಿದ್ದಾರೆ” ಅಂದರು. ಆಮೇಲೆ ತುಂಬ ಹೊತ್ತು ಮಾತಿಲ್ಲ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ.

ಒಬ್ಬ ಧೈರ್ಯ ಮಾಡಿ ಕೇಳಿದ. ನೀವು ಯುದ್ಧ ಮಾಡಿದ್ದೀರಾ ಸಾರ್?

ಅವರು ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಅವರ ಕೇಂದ್ರ. 1780ರಿಂದ ಇರುವ ಪಡೆ, ಸೈನ್ಯದಲ್ಲಿ ಅವರನ್ನು ‘ತಂಬಿ’ ಅಂತ ಕರೆಯುತ್ತಾರಂತೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬು, ಅಂದರೆ ಮೈನು, ತೆಗೆಯುವುದು ಅವರ ಕೆಲಸ. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ ಮಾಸ್ಟ್ರು ಪಶ್ಚಿಮ ಗಡಿಯ ಬಸಂತರ್ ನದಿಯ ಹತ್ತಿರ ಇದ್ದರು. ನದಿ ದಾಟಿದರೆ ನೆಲದ ತುಂಬ ಮೈನು. ಹಿಂದೆ ನಮ್ಮ ಟ್ಯಾಂಕುಗಳು ಕಾಯುತ್ತಿವೆ. ಇವರು ರಾತ್ರಿ, ಚಳಿಯಲ್ಲಿ, ಹೊಟ್ಟೆಯ ಮೇಲೆ ಮಲಗಿ ಬಯೊನೆಟ್ಟಿನಿಂದ ಮಣ್ಣು ಚುಚ್ಚುತ್ತಾ ಮುಂದೆ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಮೈನಿನ ತಲೆಗೆ ಒತ್ತುತ್ತದೆ. ಓರೆಯಾಗಿ ಚುಚ್ಚಿದರೆ ಪಕ್ಕೆ ಸಿಗುತ್ತದೆ. ತೆಗೆದ ಜಾಗದ ಎರಡೂ ಬದಿಗೆ ಬಿಳಿ ಪಟ್ಟಿ ಹಾಸಬೇಕು. ದಾರಿ ಪೂರ್ತಿ ಆಗುವ ಮೊದಲೇ ಟ್ಯಾಂಕುಗಳು ನುಗ್ಗಿದವು. ಪರಮವೀರ ಚಕ್ರ ಪಡೆದ 21 ವರ್ಷದ ಅರುಣ್ ಖೇತರಪಾಲ್ ಡಿಸೆಂಬರ್ 16ರಂದು ಪ್ರಾಣ ಬಿಟ್ಟದ್ದು ಅದೇ ಯುದ್ಧದಲ್ಲಿ.

ಇದನ್ನೆಲ್ಲ ಅವರು ಮೈದಾನಕ್ಕೆ ಸುಣ್ಣ ಹಾಕುವ ಕ್ರಮ ಹೇಳಿದ ಹಾಗೆ ಹೇಳಿದರು. ಕೊನೆಗೆ ಎಡಗಿವಿ ಮುಟ್ಟಿಕೊಂಡು, “ಈ ಕಡೆ ಇದ್ದವನು ಬೆಳಿಗ್ಗೆ ಇರಲಿಲ್ಲ” ಅಂದರು. ಅಷ್ಟೇ. ಅವನ ಹೆಸರನ್ನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾನು ಕೂತದ್ದು ಅವರ ಎಡಕ್ಕೆ, ಎರಡನೇ ಬೆಂಚಿನಲ್ಲಿ.

ಇಷ್ಟು ಕೇಳಿಸಿಕೊಂಡ ಮೇಲೂ ಅದೇ ಡಿಸೆಂಬರ್‌ನಲ್ಲಿ ನಾವು ಆ ಕೆಲಸ ಮಾಡಿದೆವು. 13, 14 ವರ್ಷದ ಹುಡುಗರ ತಲೆಯಲ್ಲಿ ಒಂದು ಮಾತು ಎಷ್ಟು ದಿನ ನಿಲ್ಲುತ್ತದೆ, ಹೇಳಿ.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದದ್ದು. ಯುದ್ಧದಲ್ಲಿ ತೀರಿಹೋದವರ ಮನೆಯವರಿಗೆ, ಕೈಕಾಲು ಕಳೆದುಕೊಂಡ ಸೈನಿಕರಿಗೆ, ನಿವೃತ್ತರಿಗೆ ಅಂತ ಹಣ ಸಂಗ್ರಹ ಮಾಡುವ ದಿನ. ಪುಟ್ಟ ಕಾಗದದ ಬಾವುಟ, ಅದರಲ್ಲಿ ಮೂರು ಬಣ್ಣ. ಭೂಸೇನೆಯ ಕೆಂಪು, ನೌಕಾಸೇನೆಯ ಕಡುನೀಲಿ, ವಾಯುಸೇನೆಯ ತಿಳಿನೀಲಿ. ಮಾಸ್ಟ್ರು ನಾಲ್ಕು ನಾಲ್ಕು ಹುಡುಗರ ಗುಂಪು ಮಾಡಿ, ಬಾವುಟ, ಗುಂಡುಸೂಜಿ, ಒಂದು ತಗಡಿನ ಡಬ್ಬಿ ಕೊಟ್ಟು ಉಡುಪಿ ಪೇಟೆಗೆ ಕಳಿಸುತ್ತಿದ್ದರು. ನಾವು ರಥಬೀದಿಯಿಂದ ಬಸ್‌ಸ್ಟ್ಯಾಂಡಿನ ತನಕ ಅಂಗಡಿ ಅಂಗಡಿ ಹತ್ತಿ ಇಳಿದೆವು. ಜನ ಚಿಲ್ಲರೆ ಹಾಕಿದರು. ಮೀನಿನ ಬುಟ್ಟಿ ಹೊತ್ತ ಒಬ್ಬರು ಹೆಂಗಸು ಸೆರಗಿನ ಗಂಟು ಬಿಚ್ಚಿ ಎಂಟಾಣೆ ಹಾಕಿ, ಬಾವುಟ ನಿನ್ನ ಅಂಗಿಗೇ ಚುಚ್ಚಿಕೋ ಅಂದರು.

ಮಧ್ಯಾಹ್ನ ಬಿಸಿಲು. ಎದುರಿಗೆ ಐಸ್‌ಕ್ರೀಂ ಅಂಗಡಿ. ಒಬ್ಬನ ಕಂಪಾಸ್ ಬಾಕ್ಸಿನಲ್ಲಿ ಡಿವೈಡರ್ ಇತ್ತು. ಡಬ್ಬಿ ತಲೆಕೆಳಗೆ ಹಿಡಿದು ಸೀಳಿನಲ್ಲಿ ಅದನ್ನು ತೂರಿಸಿ ಒಂದೊಂದೇ ಪಾವಲಿ ಜಾರಿಸಿದವನು ನಾನು. 19 ರೂಪಾಯಿ. ಎರಡು ಗಡ್‌ಬಡ್ ತರಿಸಿ ನಾಲ್ವರೂ ಹಂಚಿಕೊಂಡೆವು. ಉದ್ದದ ಗ್ಲಾಸು, ತಳದಲ್ಲಿ ಜೆಲ್ಲಿ, ಮೇಲೆ ಗೋಡಂಬಿ. ಆ ರುಚಿ ಇವತ್ತಿಗೂ ನಾಲಿಗೆಯಲ್ಲಿ ಇದೆ.

ಮರುದಿನ ಡಬ್ಬಿ ಒಪ್ಪಿಸಿದೆವು. ಮಾಸ್ಟ್ರು ಅದನ್ನು ಬಲಗಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದರು. ಉಳಿದ ಬಾವುಟ ಎಣಿಸಿದರು. ಏನೂ ಹೇಳಲಿಲ್ಲ. ಬದುಕಿದೆವು ಅಂದುಕೊಂಡೆವು.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ನಾಲ್ವರನ್ನೇ ಕರೆದರು. “ಬನ್ನಿ ಮಗಾ, ಒಂದು ಮನೆಗೆ ಹೋಗಿ ಬರುವ.” ಗದ್ದೆಯ ಹುಣಿಯಲ್ಲಿ ನಡೆದು ಶಂಕರಪುರದ ಕಡೆ ಹೋದೆವು. ಸಣ್ಣ ಮನೆ, ಸುತ್ತ ಮಲ್ಲಿಗೆ ಗಿಡ. ಜಗಲಿಯಲ್ಲಿ ವಯಸ್ಸಾದ ಅಮ್ಮ ಒಬ್ಬರು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಾ ಕೂತಿದ್ದರು. ಅವರ ಮಗ 1965ರಲ್ಲಿ ತೀರಿಹೋದ ಯೋಧ. ಆ ಅಮ್ಮ ನಮಗೆ ಬೆಲ್ಲ, ನೀರು ತಂದಿಟ್ಟರು. ಮಾಸ್ಟ್ರು ತಲೆ ಎತ್ತಿ ಮಾಡು ನೋಡಿ, “ಹೊಸ ಹೆಂಚು ಸೋರುವುದಿಲ್ಲವಲ್ಲ?” ಅಂತ ಕೇಳಿದರು. ಅರ್ಧ ಮಾಡಿಗೆ ಕೆಂಪು ಹೊಸ ಹೆಂಚು, ಉಳಿದರ್ಧಕ್ಕೆ ಕಪ್ಪಾದ ಹಳೆಯದು. “ಈ ಕಡೆ ಇಲ್ಲ ಮಾಸ್ಟ್ರೇ. ಇನ್ನರ್ಧಕ್ಕೆ ದುಡ್ಡು ಬಂದರೆ ನೋಡುವ” ಅಂದರು ಅಮ್ಮ. ಹೂವಿನವರು ಬಂದು ಅಟ್ಟೆ (ಮಲ್ಲಿಗೆ ಮಾರುವ ಅಳತೆ) ಲೆಕ್ಕ ಹಾಕಿ ತಗೊಂಡು ಹೋದರು. ಒಂದು ಚೆಂಡು ಮಾತ್ರ ಅಮ್ಮ ಮೊದಲೇ ತೆಗೆದಿಟ್ಟಿದ್ದರು. ಅದನ್ನು ಒಳಗೆ ಹೋಗಿ ಯೂನಿಫಾರಂ ಹಾಕಿದ ಹುಡುಗನ ಫೋಟೋಕ್ಕೆ ಇಟ್ಟರು. ದಿನಾ ಇಡುತ್ತಾರಂತೆ, ಮಲ್ಲಿಗೆಗೆ ರೇಟು ಎಷ್ಟೇ ಏರಿರಲಿ.

ನನಗೆ ಬೆಲ್ಲ ಗಂಟಲಲ್ಲಿ ಇಳಿಯಲಿಲ್ಲ.

ವಾಪಸ್ ಬರುವಾಗ ಉಳಿದ ಮೂವರು ಮುಂದೆ ಹೋಗಿದ್ದರು. ನಾನು ಮಾಸ್ಟ್ರ ಜೊತೆ ನಡೆಯುತ್ತಿದ್ದೆ. ಹೇಳದಿದ್ದರೆ ಆಗುವುದಿಲ್ಲ ಅನ್ನಿಸಿತು. ಹೇಳುವ ಧೈರ್ಯವೂ ಇಲ್ಲ. ಮೆಲ್ಲ ಅವರ ಎಡಗಡೆಗೆ ಬಂದೆ. “ಸಾರ್, ಡಬ್ಬಿಯಿಂದ 19 ರೂಪಾಯಿ ನಾನು ತೆಗೆದೆ” ಅಂದೆ. ಅವರು ಹುಣಿ ನೋಡಿಕೊಂಡು ಹಾಗೇ ನಡೆದರು. ಹೆಜ್ಜೆ ನಿಧಾನ ಆಗಲಿಲ್ಲ, ಜೋರೂ ಆಗಲಿಲ್ಲ. ಕೇಳಿಸಲಿಲ್ಲ ಅಂತ ನನಗೆ ಸಮಾಧಾನವೂ ಆಯಿತು, ಅಳುವೂ ಬಂತು. ಮತ್ತೆ ಬಲಗಡೆಗೆ ಹೋಗಿ ಹೇಳಲು ಆಗಲಿಲ್ಲ. ಮುಂದಿನ ಒಂದೂವರೆ ವರ್ಷ ಆಗಲಿಲ್ಲ. ಆಮೇಲೆ 35 ವರ್ಷವೂ ಆಗಲಿಲ್ಲ.

ಈಗ ಮಕ್ಕಳನ್ನು ಪೇಟೆಗೆ ಡಬ್ಬಿ ಹಿಡಿದು ಕಳಿಸುವುದಿಲ್ಲ. ನನ್ನ ಮಗಳ ಶಾಲೆಯಲ್ಲಿ ಧ್ವಜ ದಿನದ ಹಣವನ್ನು ಫೀಸಿನ ಜೊತೆ ಸೇರಿಸಿಬಿಡುತ್ತಿದ್ದರು. ಆಟದ ಪೀರಿಯಡನ್ನು ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಕೊಡುತ್ತಾರೆ. ನಮ್ಮ ಮೈದಾನದ ಅರ್ಧದಲ್ಲಿ ಈಗ ಬಸ್ಸು ನಿಲ್ಲುತ್ತದೆ. ರಿಸಲ್ಟ್ ಚೆನ್ನಾಗಿದೆ, ಸಂತೋಷ. ಆದರೆ ಮೀನು ಮಾರುವ ಅಮ್ಮನ ಎಂಟಾಣೆ ಈಗಿನ ಮಗುವಿನ ಕೈಗೆ ಸಿಗುವುದು ಎಲ್ಲಿಂದ?

ನಾನು 30 ವರ್ಷದಿಂದ ಬ್ಯಾಂಕಿನಲ್ಲಿದ್ದೇನೆ. ಕ್ಲರ್ಕ್ ಆಗಿ ಸೇರಿದವನು ಈಗ ಒಂದು ವಲಯದ ಜವಾಬ್ದಾರಿ ನೋಡುತ್ತಿದ್ದೇನೆ. ಪ್ರತಿ ನವೆಂಬರ್‌ನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕು. ಮಾಜಿ ಸೈನಿಕರು ಬರುತ್ತಾರೆ, ತೀರಿಹೋದವರ ಹೆಂಡತಿಯರು ಬರುತ್ತಾರೆ. ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಸವೆದಿರುತ್ತದೆ, ಮಷಿನ್ ಹಿಡಿಯುವುದಿಲ್ಲ. ನಾನಿದ್ದ ಯಾವ ಬ್ರಾಂಚಿನಲ್ಲೂ ಅವರನ್ನು ಕ್ಯೂನಲ್ಲಿ ನಿಲ್ಲಿಸಿದ್ದಿಲ್ಲ. ನನ್ನ ಕ್ಯಾಬಿನಿಗೇ ಕರೆದು ಕೂರಿಸಿ, ಕಾಫಿ ತರಿಸಿ, ಕೆಲಸ ಮುಗಿಸಿ ಕಳಿಸಿದ್ದೇನೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಕಲಿಸಿದವರು ಮಾಸ್ಟ್ರು.

2024ರ ಡಿಸೆಂಬರ್ 24ರಂದು ಜಮ್ಮು ಕಾಶ್ಮೀರದ ಪೂಂಚ್‌ನಲ್ಲಿ ಸೇನೆಯ ವಾಹನ ಕಂದಕಕ್ಕೆ ಬಿದ್ದು ಐವರು ಯೋಧರು ತೀರಿಹೋದರು. ಅವರಲ್ಲಿ ಒಬ್ಬರು ಕುಂದಾಪುರ ಬೀಜಾಡಿಯ ಅನೂಪ್ ಪೂಜಾರಿ. ಅದಕ್ಕೂ ಒಂದು ವರ್ಷ ಮೊದಲು, 2023ರ ನವೆಂಬರ್‌ನಲ್ಲಿ, ಸುರತ್ಕಲ್‌ನಲ್ಲಿ ಓದಿದ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ರಜೌರಿಯಲ್ಲಿ ಹುತಾತ್ಮರಾದರು. ಅಂಥ ದಿನ ನಾವೆಲ್ಲ ರಸ್ತೆ ಬದಿಗೆ ಬಂದು ನಿಲ್ಲುತ್ತೇವೆ. ನಿಲ್ಲಲೇಬೇಕು. ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿನದಂದು, ಕದ್ರಿಯ ಸ್ಮಾರಕಕ್ಕೆ, ಅಜ್ಜರಕಾಡಿನ ಸ್ಮಾರಕಕ್ಕೆ ಹೂ ಇಡುತ್ತೇವೆ. ಬದುಕಿ ವಾಪಸ್ ಬಂದವರು ಮಾತ್ರ ನಮ್ಮ ಪಕ್ಕದ ಸೀಟಿನಲ್ಲಿ ಸುಮ್ನೆ ಕೂತಿರುತ್ತಾರೆ. ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ನಮ್ಮ ಶಾಲೆಯಲ್ಲಿ ಓದಿ ಸೈನ್ಯಕ್ಕೆ ಹೋದವರ ಪಟ್ಟಿ ಎಲ್ಲೂ ಇಲ್ಲ. ನಾನು ಮಾಡಲು ಹೊರಟಿದ್ದೇನೆ, ಈಗ 11 ಹೆಸರು ಆಗಿದೆ. ಇದನ್ನು ಓದುವವರು ದಯವಿಟ್ಟು ತಮಗೆ ಗೊತ್ತಿರುವ ಹೆಸರು ಶಾಲೆಗೆ ಕಳಿಸಿ. ಕೂಟವನ್ನು ಡಿಸೆಂಬರ್ 7ಕ್ಕೇ ಇಟ್ಟಿದ್ದೇವೆ. ಆ ಮಟ್ಟಿಗೆ ನನ್ನ ಮಾತಿಗೆ ಎಲ್ಲರೂ ಒಪ್ಪಿದರು.

ಬೊಜ್ಜದ (ಉತ್ತರಕ್ರಿಯೆಯ) ದಿನ ಮಾಸ್ಟ್ರ ಮನೆಗೆ ಹೋದೆ. ಊಟ ಆದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದರು. ಕಪ್ಪು ತಗಡಿನ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಒಳಗೆ 1971ರ ಯುದ್ಧದ ಪದಕಗಳಾದ ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಅದರ ಅಡಿಯಲ್ಲಿ ಒಂದು ಹಳೇ ನೋಟ್‌ಬುಕ್. “ಇದರಲ್ಲಿ ಏನೋ ಲೆಕ್ಕ ಉಂಟು. ನೀವು ಬ್ಯಾಂಕಿನವರು, ಯಾರಿಗಾದರೂ ಕೊಡುವುದು ಬಾಕಿ ಇದೆಯಾ ನೋಡಿ” ಅಂದರು.

ವರ್ಷ ವರ್ಷದ ಧ್ವಜ ದಿನದ ಲೆಕ್ಕ ಅದು. ಯಾವ ಕ್ಲಾಸು, ಎಷ್ಟು ಬಾವುಟ, ಎಷ್ಟು ಹಣ. ಅಕ್ಷರ ಸಣ್ಣದು, ಒತ್ತೊತ್ತಾಗಿ, ಎಲ್ಲ ಬಲಕ್ಕೆ ಓರೆ. ಪುಟ ತಿರುಗಿಸುತ್ತಾ 1988ಕ್ಕೆ ಬಂದೆ. ಒಂಬತ್ತು ಬಿ. ಡಬ್ಬಿಯಲ್ಲಿ 41-50. ಅದರ ಕೆಳಗೆ ಬೇರೆ ಇಂಕಿನಲ್ಲಿ ಒಂದು ಸಾಲು:

“ನನ್ನಿಂದ 19-00. ಹುಡುಗ ತಾನೇ ಹೇಳಿದ.”

“ಬಾಕಿ ಉಂಟಾ?” ಅಂತ ಅಮ್ಮ ಕೇಳಿದರು.

ಉಂಟು ಅಮ್ಮ, ಅಂದೆ. ಅವರು ಟ್ರಂಕಿನ ಬಲಪಕ್ಕದಲ್ಲಿ ಕೂತಿದ್ದರು. ಅಲ್ಲೇ ಅವರ ಹತ್ತಿರ ಕೂತು ಮೊದಲಿನಿಂದ ಎಲ್ಲ ಹೇಳಿದೆ.