ಜೀನ್ ಬದಲಾಗದೆ ಬ್ಯಾಕ್ಟೀರಿಯಾ ಹೇಗೆ ಬದುಕುತ್ತೆ?

ನಾನು ದಾವಣಗೆರೆಯಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವವಳು. ಮದುವೆ ಮನೆಯಿರಲಿ, ಬೆಣ್ಣೆ ದೋಸೆ ಹೋಟೆಲ್ ಇರಲಿ, ಜನ ಕೇಳುವುದು ಒಂದೇ: "ಮೇಡಂ, ಮಾತ್ರೆ ತಗೊಂಡು ತಗೊಂಡು ಬ್ಯಾಕ್ಟೀರಿಯಾದ ಜೀನೇ ಬದಲಾಗಿಬಿಡುತ್ತಂತೆ, ಹೌದಾ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಜೀನ್ ಬದಲಾಗಿ ಔಷಧಿ ನಾಟದೇ ಹೋಗುವುದು ನಿಜ. ಅದು ದೊಡ್ಡ ಅಪಾಯವೂ ಹೌದು. ಆದರೆ ಬದುಕಿ ಉಳಿದ ಬ್ಯಾಕ್ಟೀರಿಯಾ ಎಲ್ಲವೂ ಜೀನ್ ಬದಲಾಗಿಯೇ ಉಳಿದವು ಅನ್ನುವುದು ತಪ್ಪು.

ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೆಯ ಹಿರಿಯರು ಕೇಳಿದರು: "ಅಲ್ಲವಾ ತಾಯಿ, ಜೀನ್ ಬದಲಾಗದೆ ಅದು ಹೊಸ ಜಾಗಕ್ಕೆ ಹೆಂಗೆ ಒಗ್ಗುತ್ತೆ? ಅದಕ್ಕೇನು ಬುದ್ಧಿ ಐತೇನು?" ಸುತ್ತ ಕೂತವರು ನಕ್ಕರು. ನನಗೆ ಸಿಟ್ಟೇ ಬಂತು. "ಏಪ್ರಿಲ್ ಪೂರ್ತಿ ನಮ್ಮೂರ ಬಿಸಿಲಲ್ಲಿ ಓಡಾಡಿದರೆ ಮೈ ಕಪ್ಪಾಗುತ್ತಲ್ಲ ಯಜಮಾನ್ರೆ, ಆಗ ನಿಮ್ಮ ಜೀನ್ ಬದಲಾಗುತ್ತಾ?" ಅಂದೆ. ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು. ಉಳಿದದ್ದು ಇಲ್ಲಿದೆ.

ಬುದ್ಧಿ ಬೇಕಿಲ್ಲ. ಯಾವ ಜೀನ್ ಯಾವಾಗ ಕೆಲಸ ಮಾಡಬೇಕು ಅನ್ನುವ ಏರ್ಪಾಡು ಕೋಶದೊಳಗೇ ಇದೆ. ನಮ್ಮ ಕರುಳಲ್ಲಿರುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾಗೆ ಗ್ಲೂಕೋಸ್, ಹಾಲಿನ ಸಕ್ಕರೆ ಲ್ಯಾಕ್ಟೋಸ್ ಎರಡನ್ನೂ ಕೊಡಿ. ಮೊದಲು ಗ್ಲೂಕೋಸ್ ಮುಗಿಸುತ್ತದೆ. ಆಮೇಲೆ ಸ್ವಲ್ಪ ಹೊತ್ತು ಬೆಳೆಯುವುದೇ ಇಲ್ಲ. ಲ್ಯಾಕ್ಟೋಸ್ ಒಡೆಯುವ ಕಿಣ್ವ ತಯಾರಾದ ಮೇಲೆ ಮತ್ತೆ ಬೆಳೆಯುತ್ತದೆ. ಇದರ ಹಿಂದೆ ಬಿದ್ದವರು ಪ್ಯಾರಿಸ್‌ನ ಜಾಕ್ ಮೊನೊ. 1961ರಲ್ಲಿ ಅವರೂ ಫ್ರಾಂಸ್ವಾ ಜಾಕೊಬ್ ಅವರೂ ಜೀನ್‌ಗಳನ್ನು ತಡೆಯುವ, ಬಿಡುವ ಈ ಏರ್ಪಾಡನ್ನು ವಿವರಿಸಿದರು. 1965ರಲ್ಲಿ ನೊಬೆಲ್ ಬಂತು. ಇಷ್ಟಾದರೂ ಡಿಎನ್‌ಎಯ ಒಂದಕ್ಷರವೂ ಬದಲಾಗಿರುವುದಿಲ್ಲ.

ಇನ್ನು ಮಾತ್ರೆಯ ವಿಷಯ. 1944ರಲ್ಲಿ ಡಬ್ಲಿನ್‌ನ ಜೋಸೆಫ್ ಬಿಗ್ಗರ್ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾಗೆ ಪೆನ್ಸಿಲಿನ್ ಹಾಕಿದರು. ಹತ್ತು ಲಕ್ಷಕ್ಕೆ ಒಂದರಂತೆ ಉಳಿದವು. ಆ ಉಳಿದವನ್ನು ಬೆಳೆಸಿ ಮತ್ತೆ ಪೆನ್ಸಿಲಿನ್ ಹಾಕಿದರೆ, ಅವುಗಳ ಸಂತಾನ ಮೊದಲಿನ ಹಾಗೇ ಸತ್ತಿತು. ಜೀನ್ ಬದಲಾಗಿದ್ದರೆ ಹೀಗಾಗುತ್ತಿತ್ತಾ? ಮೊದಲ ಏಟಿಗೆ ಸಾಯದೆ ಉಳಿದವಕ್ಕೆ ಪರ್ಸಿಸ್ಟರ್, ಅಂದರೆ ಪಟ್ಟು ಬಿಡದವು, ಎಂದು ಹೆಸರಿಟ್ಟರು. ಪೆನ್ಸಿಲಿನ್ ಕೆಡಿಸುವುದು ಕೋಶ ಬೆಳೆಯುವಾಗ ಕಟ್ಟಿಕೊಳ್ಳುವ ಗೋಡೆಯನ್ನು. ಬೆಳೆಯದೆ ಸುಮ್ನೆ ಕೂತ ಕೋಶಕ್ಕೆ ಅದು ಏನೂ ಮಾಡಲಾರದು.

ಯಾರಾದರೂ ನನ್ನನ್ನು ಕೇಳಲಿ ಅಂತ ಕಾಯುತ್ತಿರುವ ಪ್ರಶ್ನೆ ಬೇರೆ: ಅವು ಸುಮ್ನೆ ಕೂತದ್ದು ಯಾವಾಗ? ಔಷಧಿ ಬಂದ ಮೇಲಾ, ಮೊದಲೇನಾ? 2004ರಲ್ಲಿ ವಿಜ್ಞಾನಿ ನಥಾಲಿ ಬಲಬಾನ್ ಮತ್ತು ಜೊತೆಗಾರರು, ಪರ್ಸಿಸ್ಟರ್ ಜಾಸ್ತಿ ಹುಟ್ಟುವ ಇ. ಕೋಲಿ ತಳಿಗಳನ್ನು ತೆಗೆದುಕೊಂಡು, ಒಂದೊಂದೇ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದರು. ಉಳಿದವು ಔಷಧಿ ಬರುವ ಮೊದಲೇ ಬೆಳವಣಿಗೆ ನಿಲ್ಲಿಸಿದ್ದವು, ಇಲ್ಲವೇ ತುಂಬಾ ನಿಧಾನ ಮಾಡಿದ್ದವು! ಒಂದೇ ಜೀನ್, ಒಂದೇ ಊಟ, ಒಂದೇ ಬಿಸಿ. ಆದರೂ ಬೇರೆ. ಕೋಶದೊಳಗೆ ಕೆಲವು ಪ್ರೋಟೀನ್‌ಗಳ ಅಣು ಬೆರಳೆಣಿಕೆಯಷ್ಟೇ ಇರುತ್ತವೆ. ಒಂದೆರಡು ಹೆಚ್ಚು ಕಡಿಮೆಯಾದರೂ ಆ ಕೋಶದ ದಾರಿ ಬೇರೆಯಾಗಬಹುದು. ಎಲ್ಲವೂ ಸುಮ್ನೆ ಕೂತರೆ ಸಂತತಿ ಬೆಳೆಯುವುದಿಲ್ಲ. ಎಲ್ಲವೂ ಬೆಳೆಯುತ್ತಿದ್ದರೆ ಒಂದೇ ಏಟಿಗೆ ಎಲ್ಲ ಮುಗಿಯುತ್ತದೆ. ಕೆಲವು ಕೂತಿರುವುದರಿಂದ ಗುಂಪು ಉಳಿಯುತ್ತದೆ.

ಕೆಮ್ಮು ಹೋಯಿತು, ಟಿಬಿ ಮಾತ್ರೆ ಇನ್ನೂ ಯಾಕೆ ಅನ್ನುವವರಿಗೂ ಇದೇ ಉತ್ತರ. ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಬೇಗ ಬೆಳೆಯುವವು ಬಹುಪಾಲು ಮೊದಲ ಎರಡು ತಿಂಗಳಲ್ಲೇ ಸಾಯುತ್ತವೆ. ಉಳಿದ ನಾಲ್ಕು ತಿಂಗಳ ಮಾತ್ರೆ ಈ ಸುಮ್ನೆ ಕೂತವಕ್ಕೆ.