ಎಂಟು ಮಠದ ಊರಿಗೆ ಇನ್ನೂ ಮೂರು ಸೇರಿಸಿದ್ದು

ಈಗಲೂ ನಾನು ಶೇಪ್‌ಫೈಲ್ (ನಕ್ಷೆಯ ಡಿಜಿಟಲ್ ಕಡತ) ಕಳುಹಿಸಿದರೆ ಕಚೇರಿಯಲ್ಲಿ ಯಾರಾದರೊಬ್ಬರು ‘ತೇರು ಎಲ್ಲ ತೆಗೆದಿದ್ದೀರಲ್ಲ?’ ಎಂದು ಕೇಳುತ್ತಾರೆ. ನಗುತ್ತೇನೆ. ಮತ್ತೇನು ಮಾಡಲಿ?

ಉಡುಪಿಯ ರಥಬೀದಿ ಮತ್ತು ಸುತ್ತಲಿನ ಓಣಿಗಳ ಫಿಗರ್-ಗ್ರೌಂಡ್ ನಕ್ಷೆ, ಅಂದರೆ ಕಟ್ಟಡ ಕಪ್ಪು, ತೆರೆದ ಜಾಗ ಬಿಳಿ ಎಂದು ತೋರಿಸುವ ನಕ್ಷೆ, ಮಾಡುವ ಕೆಲಸವದು. ಕೈಯಲ್ಲಿದ್ದದ್ದು ಜನವರಿಯಲ್ಲಿ ಡ್ರೋನ್ ನೇರ ಮೇಲಿನಿಂದ ತೆಗೆದ ಚಿತ್ರ, ನಮ್ಮ ಭಾಷೆಯಲ್ಲಿ ಆರ್ಥೋ. ಫೀಲ್ಡ್‌ಗೆ ಎರಡು ದಿನ ಕೇಳಿದ್ದೆ. ‘ಇಷ್ಟು ಸ್ಪಷ್ಟ ಇಮೇಜ್ ಇರುವಾಗ ಯಾಕೆ?’ ಎಂದರು. ನಮ್ಮ ಕಚೇರಿ ಇರುವುದು ಮಣಿಪಾಲದಲ್ಲಿ, ಬಸ್ಸು ಹತ್ತಿದರೆ ಐದು ಕಿಲೋಮೀಟರ್. ಸಂಜೆ ನಾನೇ ಇಳಿದು ಹೋಗಬಹುದಿತ್ತು. ಹೋಗಲಿಲ್ಲ.

ಆ ಚಿತ್ರದಿಂದ ಸಾಫ್ಟ್‌ವೇರ್ ತಾನೇ ಎಳೆದು (ಆಟೋ-ಎಕ್ಸ್‌ಟ್ರಾಕ್ಟ್) ಕೊಟ್ಟ ಕಟ್ಟಡಗಳ ಪಾಲಿಗಾನ್‌ಗಳನ್ನು ಒಂದೊಂದಾಗಿ ಶುದ್ಧ ಮಾಡುತ್ತಾ ಹೋದೆ. ರಥಬೀದಿಯ ಅಂಚಿನಲ್ಲಿ ಮೂರು ಮಾತ್ರ ಉರುಟಾಗಿ ಬಂದಿದ್ದವು. ಕಟ್ಟಡ ಎಲ್ಲಾದರೂ ಉರುಟಾಗಿರುತ್ತದೆಯೇ ಎಂದುಕೊಂಡು, ಟೂಲ್ ಒತ್ತಿ ಮೂರಕ್ಕೂ ನಾಲ್ಕು ಮೂಲೆ ಮಾಡಿದೆ. ಗೆರೆಗಳು ಸರಿಯಾಗಿ ಕೂಡಿವೆಯೇ ಎಂದು ನೋಡುವ ಟೋಪಾಲಜಿ ಚೆಕ್‌ನಲ್ಲಿ ಒಂದೂ ದೋಷ ಬರಲಿಲ್ಲ.

ಸಭೆಯಲ್ಲಿ ಜಂಬದಿಂದಲೇ ಶುರು ಮಾಡಿದೆ. 1748ರಲ್ಲಿ ಜಿಯಾಂಬಟಿಸ್ಟಾ ನೊಲ್ಲಿ ಮಾಡಿದ ರೋಮ್ ನಕ್ಷೆಯನ್ನು ತೋರಿಸಿ, ಮನೆಗಳು ಕಪ್ಪು, ಬೀದಿಗಳು ಬಿಳಿ, ಜನ ಹೊಕ್ಕು ಬರುವ ಚರ್ಚಿನ ಒಳಗೂ ಬಿಳಿ ಎಂದು ವಿವರಿಸಿದೆ. ಆಮೇಲೆ ನಮ್ಮ ಹಾಳೆ ಬಿಡಿಸಿದೆ. ಮೇಜಿನ ಕೊನೆಯಲ್ಲಿದ್ದ ಹಿರಿಯರೊಬ್ಬರು ಎದ್ದು ಬಂದು, ಕನ್ನಡಕ ಹಣೆಗೇರಿಸಿ, ರಥಬೀದಿಯ ಮೇಲೆ ಬೆರಳಿಟ್ಟರು.

‘ಎಂಟು ಮಠ ನನಗೆ ಗೊತ್ತು. ಈ ಮೂರು ಯಾವಾಗ ಬಂದವು?’

ಆಗಲೇ ‘ನೋಡಿ ಹೇಳುತ್ತೇನೆ’ ಎಂದಿದ್ದರೆ ಮುಗಿಯುತ್ತಿತ್ತು. ನಾನು, ಆರ್ಥೋದಲ್ಲಿ ಸ್ಪಷ್ಟವಾಗಿವೆ, ಬಹುಶಃ ಹೊಸ ಕಟ್ಟಡಗಳು ಎಂದೆ. ಯಾರೂ ಮಾತನಾಡಲಿಲ್ಲ. ಫ್ಯಾನಿನ ಗಾಳಿಗೆ ಹಾಳೆಯ ತುದಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಮೇಲೆ ನೀರಿನ ಲೋಟ ಇಟ್ಟೆ.

‘ಹೌದು, ಹೊಸದೇ ಇರಬೇಕು,’ ಎಂದರು ಅವರು. ‘ಸಂಕ್ರಾಂತಿಯ ರಾತ್ರಿ ಮೂರೂ ಬೀದಿಗೆ ಒಂದು ಸುತ್ತು ಬಂದವು.’

ಸಭೆ ನಗುತ್ತಿರುವಾಗಲೇ ಅವರ ಬೆರಳು ಪಕ್ಕಕ್ಕೆ ಸರಿಯಿತು. ‘ನನ್ನ ಮನೆ ಇರುವುದು ಈ ಓಣಿಯಲ್ಲಿ. ಓಣಿ ಎಲ್ಲಿ?’ ಅಲ್ಲಿ ಬರಿ ಕಪ್ಪು. ಈ ಸಲ ಯಾರೂ ನಗಲಿಲ್ಲ.

ಅಂದೇ ಮಧ್ಯಾಹ್ನ ಟೇಪ್ ಹಿಡಿದು ಆ ಓಣಿಗೆ ಹೋದೆ. ಗೋಡೆಯಿಂದ ಗೋಡೆಗೆ ಆರೂವರೆ ಅಡಿ. ತಲೆ ಎತ್ತಿದರೆ ಎರಡೂ ಬದಿಯ ಹಂಚಿನ ಮಾಡಿನ ಇಳಿಜಾರು ಮೂರು ಮೂರು ಅಡಿ ಮುಂದೆ ಚಾಚಿ, ನಡುವೆ ಒಂದು ಗೇಣು ಆಕಾಶ. ನಮ್ಮ ಮಳೆಗೆ ಮಣ್ಣಿನ ಗೋಡೆ ಉಳಿಯಬೇಕಾದರೆ ಮಾಡು ಅಷ್ಟು ಚಾಚಲೇಬೇಕು. ಹಂಚಿನ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಊರಿನ ರೂಪ ನೋಡಲು ಬೀದಿ, ನಿವೇಶನ, ಕಟ್ಟಡ ಎಂಬ ಮೂರನ್ನೂ ಬಿಡಿಸಿ ನೋಡಬೇಕು ಎಂಬುದನ್ನು ಭೂಗೋಳಶಾಸ್ತ್ರಜ್ಞ ಎಂ.ಆರ್.ಜಿ. ಕಾನ್ಜೆನ್ 1960ರಲ್ಲೇ ಇಂಗ್ಲೆಂಡಿನ ಆಲ್ನಿಕ್ ಎಂಬ ಪುಟ್ಟ ಊರನ್ನು ಇಟ್ಟುಕೊಂಡು ತೋರಿಸಿದ್ದರು. ಅದನ್ನು ಓದಿ ಪರೀಕ್ಷೆ ಬರೆದಿದ್ದ ನಾನು ನೋಡಿದ್ದು ಮೂರನೆಯದನ್ನು ಮಾತ್ರ, ಅದರಲ್ಲೂ ಮಾಡನ್ನು.

ಮಾಡಿನ ಅಂಚು ಬಿಟ್ಟು ಗೋಡೆಯ ಗೆರೆ ಹಿಡಿದು ಇಡೀ ಹಾಳೆಯನ್ನು ಮತ್ತೆ ಎಳೆದೆವು. ಹನ್ನೊಂದು ದಿನ ಹಿಡಿಯಿತು. ಜಗಲಿಯ ವಿಷಯ ಮಾತ್ರ ತೀರ್ಮಾನವಾಗಲಿಲ್ಲ. ಬೆಳಿಗ್ಗೆ ಹೂ ಮಾರುವವರು ಕೂರುವ, ಮಳೆ ಬಂದರೆ ದಾರಿಹೋಕರು ಹತ್ತಿ ನಿಲ್ಲುವ ಜಾಗ ಕಪ್ಪೋ ಬಿಳಿಯೋ? ನೊಲ್ಲಿ ಬಿಳಿ ಬಿಡುತ್ತಿದ್ದ ಎಂದು ನನ್ನ ವಾದ. ಮ್ಯಾನೇಜರ್ ಬೂದು ಬಣ್ಣ ಹಾಕಿಸಿದರು.

ಆ ದಿನದ ಬಸ್ ಟಿಕೆಟ್ಟಿನ ಬಿಲ್, ‘ಫೀಲ್ಡ್ ಭೇಟಿಗೆ ಪೂರ್ವಾನುಮತಿ ಇಲ್ಲ’ ಎಂಬ ಷರಾದೊಂದಿಗೆ ಹಿಂದಕ್ಕೆ ಬಂದಿದೆ.